ಜಿಂಕೆಗೆ ದೀಪಾವಳಿಯೋ ಸಂಕ್ರಾಂತಿಯೋ

ನವೆಂಬರ್ ನಡುವಿನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ, ಅಮೆರಿಕದಲ್ಲಿ ಮಗಳಿರುವ ಊರು ಬೋಲಿಂಗ್‌ಬ್ರೂಕ್ ಬಿಟ್ಟೆವು. ಕಾರು ಓಡಿಸಿದ್ದು ಮಗಳು ಮಂಜುಳ, ಪಕ್ಕದಲ್ಲಿ ನಾನು, ಹಿಂದೆ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಸಿರಿ. ಸಿರಿಯ ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಕುಳಿತಿತ್ತು ಒಂದು ರಟ್ಟಿನ ಹಲಗೆ. ಸೋಮವಾರ ಅವಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಹಲಗೆಯ ನೆತ್ತಿಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ನನ್ನ ಮಾತು: "ಹುಣ್ಣಿಮೆಗೆ ಜಿಂಕೆ ಬೆದೆಗೆ ಬರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಾಳೆ. ನಿಜವೇ?"

ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷ ಎಮ್ಮೆ ಸಾಕಿದವಳು ನಾನು. ಹುಣ್ಣಿಮೆ ಹತ್ತಿರ ಬಂದರೆ ಎಮ್ಮೆ ಬೆದೆಗೆ ಬಂದು ಕೂಗಿಕೊಳ್ಳುತ್ತದೆ, ಜಿಂಕೆಗೂ ಅದೇ ಕಾನೂನು ಎಂದು ಒಂದು ದಿನ ಹೇಳಿದ್ದೆ. ಅದು ಅಮೆರಿಕದ ಶಾಲೆಯ ಹಲಗೆ ಏರುತ್ತದೆಂದು ಯಾರಿಗೆ ಗೊತ್ತಿತ್ತು! ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಕೊಂಡೂ ಬಿಟ್ಟಿದ್ದೆ.

ಮಿಶಿಗನ್‌ನ ನಾರ್ತ್‌ವಿಲ್‌ಗೆ ಸುಮಾರು ಇನ್ನೂರ ಎಂಬತ್ತು ಮೈಲಿ. ಅಲ್ಲಿರುವುದು ಮಂಜುಳಳ ಭಾವ, ಅವಳ ಗಂಡನ ಅಣ್ಣ ನಂಜೇಗೌಡರು. ಕಾರು ಕಂಪನಿಯ ಎಂಜಿನಿಯರು, ಬೇಟೆಯ ಹುಚ್ಚು. ಬೇಟೆಗೆ ಹೋಗುವ ಕಾಡಿನ ಮರಕ್ಕೆ ಅವರು ಒಂದು ಕ್ಯಾಮೆರಾ ಕಟ್ಟಿದ್ದಾರೆ. ಜಿಂಕೆ ಮುಂದೆ ಹಾದರೆ ತಾನೇ ಚಿತ್ರ ಹಿಡಿಯುತ್ತದೆ. ಹೋದ ವರ್ಷದ ಚಿತ್ರಗಳು ಅವರಲ್ಲಿದ್ದವು. ಈ ವರ್ಷದವನ್ನು ತೆಗೆದು ಜೋಡಿಸಿದರೆ ನನ್ನ ಮಾತು ನಿಜವೋ ಸುಳ್ಳೋ ತಿಳಿಯುತ್ತಿತ್ತು.

ರಸ್ತೆಯೋ, ಒರಳಲ್ಲಿ ರುಬ್ಬಿದ ಹಿಟ್ಟಿನಷ್ಟು ನುಣುಪು. ಇಂಡಿಯಾನದಲ್ಲಿ ನಿಲ್ಲಿಸಿ ಡಬ್ಬಿಯ ಚಿತ್ರಾನ್ನ ತಿಂದೆವು. ಹೊರಗೆ ಮೂವತ್ತೆಂಟು ಡಿಗ್ರಿ ಎಂದು ಮಂಜುಳ ಹೇಳಿದಾಗ ಬೆಚ್ಚಗಿರಬೇಕು ಎಂದುಕೊಂಡೆ. ಅದು ಇಲ್ಲಿನ ಲೆಕ್ಕದ ಡಿಗ್ರಿ, ನಮ್ಮ ಲೆಕ್ಕಕ್ಕೆ ಮೂರೇ. ಹಲ್ಲು ಕಟಕಟ ಎಂದಿತು.

ಸಿರಿ ಮಾತ್ರ ಸಪ್ಪಗಿದ್ದಳು. "ಅಜ್ಜಿ, ನೀನು ರಾಂಗ್ ಆದ್ರೆ? ಸ್ಕೂಲಲ್ಲಿ ಎಲ್ಲಾರೂ ಓದ್ತಾರೆ. ಆ ಲೈನ್ ತೆಗೆದುಬಿಡ್ಲಾ?"

"ನೋಡದೇನೇ ತೆಗೀತಾರೇನೇ? ಮೊದ್ಲು ನೋಡಾಣ" ಎಂದೆ. ಬಾಯಲ್ಲಿ ಧೈರ್ಯ. ಆದರೆ ಆ ಸಾಲು ಉಳಿಯಲಿ ಎಂದು ದಾರಿಯುದ್ದಕ್ಕೂ ಮನೆದೇವರಿಗೆ ಕೈಮುಗಿದೆ.

ತಲುಪಿದಾಗ ನನ್ನ ಕೈಗಡಿಯಾರದಲ್ಲಿ ಹನ್ನೆರಡೂವರೆ, ಗೌಡರ ಗೋಡೆಯಲ್ಲಿ ಒಂದೂವರೆ. ಗಡಿ ದಾಟಿದರೆ ಒಂದು ಗಂಟೆ ಹೋಗುತ್ತದಂತೆ. ಹೆಂಡತಿ ಊರಿಗೆ ಹೋಗಿದ್ದರಿಂದ ಗೌಡರೇ ಮುದ್ದೆ ಕಟ್ಟಿ ಹುರುಳಿಕಾಳು ಸಾರು ಮಾಡಿದ್ದರು.

ಮಂಜುಳ ಬಿಡುತ್ತಾಳೆಯೇ? "ಭಾವ, ಎರಡು ವರ್ಷದಿಂದ ಜಿಂಕೆ ಸಾರು ಜಿಂಕೆ ಸಾರು ಅಂತೀರಿ. ಈ ಹುರುಳಿಕಾಳಿಗೆ ಕೊಂಬು ಎಲ್ಲಿದೆ?"

"ನಗವ್ವ, ನಗು. ಎರಡು ವರ್ಷಾನೂ ಹುಣ್ಣಿಮೆ ವಾರಕ್ಕೇ ರಜ ಹಾಕಿ, ಬಿಲ್ಲು ಹಿಡ್ಕೊಂಡು ಮರದ ಮೇಲೆ ಕೂತಿದ್ದೀನಿ. ನೀವಾದ್ರೂ ನ್ಯಾಯ ಹೇಳಿ ಅತ್ತೆ, ಹುಣ್ಣಿಮೇಗೆ ತಾನೆ ಬರಬೇಕು?"

"ಮತ್ತಿನ್ನೇನ್ ಗೌಡ್ರೇ!" ಎಂದೆ.

ಮೂರು ಗಂಟೆಗೆ ಕಾಡಿಗೆ ಹೊರಟೆವು. ಅರ್ಧ ಗಂಟೆಯ ದಾರಿ, ಗೌಡರ ಸ್ನೇಹಿತರ ಜೋಳದ ಹೊಲದ ಅಂಚು. ಕೋವಿ ಬೇಟೆ ಶುರುವಾಗಿದ್ದರಿಂದ ಮನುಷ್ಯರೆಂದು ದೂರಕ್ಕೇ ಕಾಣಲು ಎಲ್ಲರೂ ಕೇಸರಿ ಕೋಟು ತೊಡಬೇಕು. ಸೀರೆಯ ಮೇಲೆ ನಾನೂ ತೊಟ್ಟೆ. ಇಲ್ಲಿ ಗಂಡು ಇಷ್ಟು, ಹೆಣ್ಣು ಇಷ್ಟು ಎಂದು ಚೀಟಿ ಪಡೆದೇ ಹೊಡೆಯಬೇಕಂತೆ. ಕಾಡನ್ನೂ ಲೆಕ್ಕವಿಟ್ಟು ಕಾಯುವ ಜನ! ಗೌಡರು ಕ್ಯಾಮೆರಾದಿಂದ, ಈ ವರ್ಷದ ಚಿತ್ರಗಳೆಲ್ಲ ತುಂಬಿದ್ದ ಉಗುರಿನಷ್ಟು ಚೂರೊಂದನ್ನು ಎಳೆದು ಸಿರಿಯ ಅಂಗೈಗಿಟ್ಟರು. ಎರಡು ಶರತ್ಕಾಲದ ತೀರ್ಪು ಅಷ್ಟರ ಮೇಲೆ ನಿಂತಿತ್ತು.

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕುಳಿತೆವು. ಎಡಕ್ಕೆ ಹೋದ ವರ್ಷ, ಬಲಕ್ಕೆ ಈ ವರ್ಷ. ಪ್ರತಿ ಚಿತ್ರದ ಕೆಳಗೆ ತಾರೀಖು, ಪಕ್ಕದಲ್ಲಿ ಆ ದಿನದ ಚಂದ್ರನ ಪುಟ್ಟ ಚಿತ್ರ. ಇಂಗ್ಲಿಷ್ ಬರದ ನನಗೂ ಓದಲು ಬರುವ ಬರಹ! ಕನ್ನಡಕ ಏರಿಸಿ ನಾನೇ ಬೆರಳಿಟ್ಟು ಹುಡುಕಿದೆ. ಕವಲುಕೊಂಬಿನ ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಓಡುವ ಚಿತ್ರಗಳು ಈ ವರ್ಷ ನವೆಂಬರ್ ಎಂಟರಿಂದ ಹನ್ನೆರಡನೇ ತಾರೀಖಿನವರೆಗೆ. ಹುಣ್ಣಿಮೆ ಕಳೆದು ಚಂದ್ರ ಸವೆಯುತ್ತಿದ್ದ. ಹೋದ ವರ್ಷವೂ ಅದೇ ತಾರೀಖುಗಳು, ಆದರೆ ಆಗ ಹುಣ್ಣಿಮೆಯೇ ಬಂದಿರಲಿಲ್ಲ, ಅರ್ಧ ಚಂದ್ರ.

"ಅಯ್ಯಯ್ಯೋ! ನಾನು ಕೂರೋ ಮರದ ಕೆಳಗೇ ನಿಂತದೆ, ನಾನು ಆಫೀಸಲ್ಲಿದ್ದ ದಿನ!" ಎಂದು ಗೌಡರು ಹಣೆ ಬಡಿದುಕೊಂಡರು.

ಸಿರಿ ನಗಲಿಲ್ಲ. ನನ್ನ ಮುಖ ನೋಡಿ, ಹಲಗೆ ಎಳೆದುಕೊಂಡು, ಸಾಲನ್ನು ಅಳಿಸಲು ಬಿಳಿ ಬಣ್ಣದ ಸೀಸೆ ತೆರೆದಳು.

"ತಡಿ ಮಗ" ಎಂದೆ. "ದೀಪಾವಳಿ ಹೋದ ವರ್ಷದ ತಾರೀಖಿಗೇ ಬಂತಾ?"

"ನೋ. ಟೆನ್, ಇಲೆವೆನ್ ಡೇಸ್ ಮುಂಚೆ ಬಂತು."

"ಸಂಕ್ರಾಂತಿ?"

"ಅದು ಯಾವಾಗ್ಲೂ ಜನವರಿ ಮಿಡ್ಲ್‌ನಲ್ಲೇ."

"ದೀಪಾವಳಿ ಚಂದ್ರಂದು, ಅದಕ್ಕೇ ಓಡಾಡ್ತದೆ. ಸಂಕ್ರಾಂತಿ ಸೂರ್ಯಂದು, ಕೂತ ಜಾಗ ಬಿಡಲ್ಲ. ಜಿಂಕೆ ಮಾಡ್ತಿರೋದು ದೀಪಾವಳಿ ಅಲ್ಲ ಕಣೇ, ಸಂಕ್ರಾಂತಿ!"

ಸಿರಿ ಕಿರುಚಿ ನನ್ನ ಕೊರಳಿಗೆ ಜೋತುಬಿದ್ದಳು. ಅವಳು ಓದಿದ ಪುಸ್ತಕಗಳಲ್ಲೂ ಅದೇ ಇತ್ತಂತೆ. ಹಗಲು ಗಿಡ್ಡವಾಗುವುದನ್ನು ಜಿಂಕೆಯ ಕಣ್ಣು ಅಳೆಯುತ್ತದೆ, ಚಂದ್ರನನ್ನಲ್ಲ. ನನಗೆ ನೋವಾಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಯೋಚಿಸಿದರೆ ನನ್ನ ಎಮ್ಮೆಗಳೂ ಮಳೆ ಕಳೆದು ಹಗಲು ಕುಗ್ಗಿದ ಮೇಲೇ ಹೆಚ್ಚು ಬೆದೆಗೆ ಬರುತ್ತಿದ್ದವು. ಬೆಳದಿಂಗಳಲ್ಲಿ ನಾವು ಅಂಗಳದಲ್ಲಿ ಕೂತಿರುತ್ತಿದ್ದೆವು, ಕಂಡಿತು. ಅಮಾವಾಸ್ಯೆಗೆ ಬಾಗಿಲು ಹಾಕಿ ಮಲಗಿದವರಿಗೆ ಏನು ಕಂಡೀತು? ಇದನ್ನೂ ಹೇಳಿದೆ. ಸಿರಿ ಅದನ್ನೂ ಬರೆದುಕೊಂಡಳು.

"ಎರಡೇ ವರ್ಷ ಸಾಕಾಗಲ್ಲ ಅಜ್ಜಿ, ಅಂತಾನೂ ಬರೀಬೇಕು" ಎಂದಳು. ಎಷ್ಟು ನಿಯತ್ತಿನ ಹುಡುಗಿ!

ಭಾನುವಾರ ಬೆಳಿಗ್ಗೆ ಹೊರಟಾಗ ಗೌಡರು ಕಾರಿನ ಕಿಟಕಿಗೆ ಬಗ್ಗಿ, "ಮುಂದಿನ ವರ್ಷ ಸೂರ್ಯನ್ನ ಕೇಳಿ ರಜ ಹಾಕ್ತೀನಿ ಅತ್ತೆ" ಎಂದರು. ಹೋಗುವಾಗ ಕಳೆದುಕೊಂಡ ಗಂಟೆ ಬರುವಾಗ ಹಾಗೇ ಮರಳಿ ಸಿಕ್ಕಿತು.

ಆ ಗಂಟೆಯಲ್ಲೇ ಬೋಲಿಂಗ್‌ಬ್ರೂಕಿನ ಊಟದ ಮೇಜಿನ ಮೇಲೆ ಸಿರಿ ಹಲಗೆ ಹಾಸಿದಳು. ಮೇಲಿನ ಸಾಲು ಹಾಗೇ ಇತ್ತು. ಕೆಳಗಡೆ ಜಾಗ ಬಿಟ್ಟು ನನ್ನ ಕೈಗೆ ದಪ್ಪ ಪೆನ್ನು ಕೊಟ್ಟಳು. "ಆನ್ಸರ್ ನೀನೇ ಬರಿ ಅಜ್ಜಿ. ಕನ್ನಡದಲ್ಲಿ."

ಒಂದೊಂದೇ ಅಕ್ಷರ ಕೂಡಿಸಿ ಬರೆದೆ: "ನಾನು ಹೇಳಿದ್ದು ತಪ್ಪು. ಜಿಂಕೆಗೆ ಸಂಕ್ರಾಂತಿ." ಕೆಳಗೆ ರುಜು ಹಾಕಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಂದೀಚೆಗೆ ಶಾಲೆಗೆಂದು ನಾನು ಬರೆದದ್ದು ಅದೇ ಮೊದಲು.