ಪ್ರಮೀಳೆಯ ಒಂದೂಕಾಲು ಗಂಟೆ

ಪ್ರಮೀಳಾ ಹೋಗಿ ಒಂಬತ್ತು ತಿಂಗಳಾಯಿತು. ಪಿತ್ತಜನಕಾಂಗದ ಕಾಯಿಲೆ, ಗೊತ್ತಾದ ಮೇಲೆ ಮೂರೇ ತಿಂಗಳು ಇದ್ದಳು. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ಆಸ್ಪತ್ರೆಯ ದಿನಗಳೇ ಮುಂದೆ ಬಂದು ನಿಲ್ಲುತ್ತವೆ. ಅವನ್ನು ಪಕ್ಕಕ್ಕೆ ಸರಿಸಿ ಬಸ್ಸಿನ ದಿನಗಳನ್ನು ಬರೆಯುತ್ತೇನೆ.

ಅವಳು ಹುಣಸೂರಿನ ನೀರಾವರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದಳು. ಹುದ್ದೆಗೆ ಡ್ರಾಫ್ಟ್ಸ್‌ಮನ್ ಎಂದು ಹೆಸರು. ಹೆಂಗಸು ಬಂದು ಕೂತಳೆಂದು ಯಾರೂ ಅದನ್ನು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ನಾನು ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಇಬ್ಬರ ಮನೆಯೂ ಮೈಸೂರಿನಲ್ಲಿ. ಬೆಳಿಗ್ಗೆ ಎಂಟರ ಬಸ್ಸು ಹತ್ತಿದರೆ ಒಂದೂಕಾಲು ಗಂಟೆಗೆ ಹುಣಸೂರು, ಸಂಜೆ ಮತ್ತೆ ಒಂದೂಕಾಲು ಗಂಟೆ ವಾಪಸ್ಸು. ೧೯೯೧ರಿಂದ ಹನ್ನೆರಡು ವರ್ಷ ಹೀಗೆ ಅಕ್ಕಪಕ್ಕ ಕೂತು ಓಡಾಡಿದೆವು. ೨೦೦೩ರಲ್ಲಿ ನನಗೆ ಮೈಸೂರಿಗೆ ವರ್ಗವಾದಾಗ ಒಂದು ಕ್ಷಣವೂ ಯೋಚಿಸದೆ ಸಂತೋಷದಿಂದ ಹೋದೆ. ಅವಳು ಮಾತ್ರ ಕಾಯಿಲೆ ಬೀಳುವವರೆಗೂ ಓಡಾಡಿದಳು.

ನಮ್ಮಂಥವರನ್ನು ಕಂಡಕ್ಟರುಗಳು ‘ಅಪ್ ಅಂಡ್ ಡೌನ್‌ನೋರು’ ಎನ್ನುತ್ತಿದ್ದರು. ಬಸ್ಸಿನ ಮುಂಭಾಗ ನಮ್ಮದೇ ಒಂದು ಬೀದಿಯಿದ್ದಂತೆ. ಪಶುವೈದ್ಯ ಕಂಠಪ್ಪನವರು ಹಿಂದಿನ ಸೀಟಿನಿಂದ ತಲೆ ಮುಂದೆ ಚಾಚಿ ಪ್ರತಿಯೊಂದಕ್ಕೂ ವಾದ ಹೂಡುತ್ತಿದ್ದರು. ಎಚ್.ಡಿ. ಕೋಟೆ ಕಡೆಯ ಮಲ್ಲಾಜಮ್ಮ ಆಸ್ಪತ್ರೆಯಲ್ಲಿ ನರ್ಸು. ಕಂಠಪ್ಪನವರ ಬಾಯಿ ಮುಚ್ಚಿಸಬಲ್ಲ ಒಬ್ಬರೇ ಎಂದರೆ ಅವರು. ಗಣಪತಿ ಹಾಲು ಕುಡಿದನೆಂದು ದೇಶಕ್ಕೆ ದೇಶವೇ ಚಮಚ ಹಿಡಿದು ನಿಂತ ಆ ವರ್ಷ ಇವರಿಬ್ಬರ ಜಗಳ ಇಲವಾಲದಲ್ಲಿ ಶುರುವಾಗಿ ಬಿಳಿಕೆರೆ ದಾಟಿದರೂ ಮುಗಿದಿರಲಿಲ್ಲ.

“ನಾನು ಎಷ್ಟು ಕರುಗಳಿಗೆ ಹಾಲು ಕುಡಿಸಿದೀನಿ ಕಣ್ರೀ. ಕುಡಿಯೋದಂದ್ರೆ ಏನು ಅಂತ ನನಗ್ಗೊತ್ತು,” ಎಂದರು ಕಂಠಪ್ಪ.

“ಕರುಗೆ ನಂಬ್ಕೆ ಬ್ಯಾಡ, ಅಸಿವಿದ್ರೆ ಸಾಕು. ದ್ಯಾವ್ರಿಗೆ ಅಂಗಲ್ಲ, ಬುಡಿ ಡಾಕ್ಟ್ರೆ,” ಎಂದರು ಮಲ್ಲಾಜಮ್ಮ.

ಇಂಥ ವಾದಗಳಿಗೆ ಬರವಿರಲಿಲ್ಲ. ಮಳೆಗಾಲದಲ್ಲಿ ಬ್ರೇಕು ಹಿಡಿಯದೆ ಬಸ್ಸು ಹುಣಸೆಮರದ ಬುಡದಲ್ಲಿ ಹೋಗಿ ನಿಂತಾಗ ಎಲ್ಲರೂ ಒಂದು ವಾರ ಮೊದಲ ಸೀಟುಗಳನ್ನು ಬಿಟ್ಟು ಕೂತರು. ಅವರೆಕಾಯಿಯ ಕಾಲ ಬಂತೆಂದರೆ ಸಂಜೆಯ ಬಸ್ಸಿನಲ್ಲಿ ಹೆಂಗಸರೆಲ್ಲ ಹುಣಸೂರಿನ ಸಂತೆಯ ಕಾಯಿ ಮಡಿಲಿಗೆ ಸುರಿದುಕೊಂಡು ಸುಲಿಯುವುದು, ಮೈಸೂರು ಬರುವಷ್ಟರಲ್ಲಿ ಸಾರಿಗೆ ಕಾಳು ಸಿದ್ಧ. ಸೊಗಡಿನ ಘಮ ಬಸ್ಸೆಲ್ಲ ತುಂಬುತ್ತಿತ್ತು. ಕಂಠಪ್ಪನವರಿಗೂ ಒಂದು ಹಿಡಿ ಸುಲಿಯುವ ಶಿಕ್ಷೆ ಇತ್ತು.

ಪ್ರಮೀಳಾ ಈ ಎಲ್ಲದರ ನಡುವೆ ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಕೈ ಕಾಯಿ ಸುಲಿಯುತ್ತಿದ್ದರೂ ಕಣ್ಣು ಹೊರಗೆ. ಕರೆದರೆ ಎರಡನೆಯ ಸಲಕ್ಕೆ “ಆಂ?” ಎನ್ನುವಳು. ಬಸ್ಸಿನವರೆಲ್ಲ ಅವಳಿಗೆ ನಿದ್ದೆ ಸಾಲದು ಎಂದುಕೊಂಡಿದ್ದರು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳು ದಿನವೂ ಒಂದು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದಳು, ಮನಸ್ಸಿನಲ್ಲಿ. ಕಚೇರಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ತಾಲ್ಲೂಕುಗಳ ನಾಲೆಗಳನ್ನು ನೀಲಿ ಗೆರೆಗಳಲ್ಲಿ ಎಳೆಯುವುದೇ ಅವಳ ಕೆಲಸ. ಆದರೆ ಸ್ಥಳಕ್ಕೆ ಹೋಗುವವರು ಇಂಜಿನಿಯರುಗಳು, ಇವಳಲ್ಲ. ಆದ್ದರಿಂದ ಬಸ್ಸಿನಲ್ಲಿ ಹೋಗುತ್ತಿದ್ದಳು. ಚುಂಚನಕಟ್ಟೆಯಲ್ಲಿ ಏರಿ ಹತ್ತಿ, ಕವಲು ಬಂದಲ್ಲಿ ಒಂದು ಕಡೆ ಆರಿಸಿಕೊಂಡು, ತೂಬುಗಳನ್ನು ಎಣಿಸುತ್ತ, ನೀರು ಕೊನೆಯ ಗದ್ದೆ ಮುಟ್ಟುವವರೆಗೆ.

ಮನೆಯಲ್ಲಿ ಗಂಡ ಶಿವಶಂಕರ, ಅತ್ತೆ ಪುಟ್ಟಮಾದಮ್ಮ, ಓದುವ ಮಗಳು. ಎಲ್ಲರೂ ಒಳ್ಳೆಯವರೇ. ಆದರೂ ಬೆಳಿಗ್ಗೆ ಐದಕ್ಕೆ ಎದ್ದರೆ ಇವಳು ಒಬ್ಬರಲ್ಲ ಒಬ್ಬರ ಕೈಗೆ ಏನೋ ಒಂದನ್ನು ಕೊಡುತ್ತಲೇ ಇರಬೇಕು. ಕಚೇರಿಯಲ್ಲೂ ಅದೇ. ಯಾರೂ ಏನೂ ಕೇಳದ ಹೊತ್ತೆಂದರೆ ಈ ಒಂದೂಕಾಲು ಗಂಟೆ, ದಿನಕ್ಕೆರಡು ಸಲ.

೧೯೯೮ರ ಜನವರಿಯಲ್ಲಿ ಅವಳಿಗೆ ಮುಂಬಡ್ತಿಯ ಪತ್ರ ಬಂತು. ಜಾಗ ಬಿಜಾಪುರ. ಹೋಗಬೇಕು, ಇಲ್ಲವೇ ಹದಿನೈದು ದಿನದೊಳಗೆ ಮುಂಬಡ್ತಿ ಬೇಡವೆಂದು ಕಾರಣ ಸಹಿತ ಬರೆದುಕೊಡಬೇಕು. ಹೀಗೆ ಬಡ್ತಿ ಬಿಟ್ಟು ಊರು ಉಳಿಸಿಕೊಂಡವರು ನಮ್ಮ ಬಸ್ಸಿನಲ್ಲೇ ನಾಲ್ಕು ಜನರಿದ್ದರು. ಆದ್ದರಿಂದ ಬೇಡವೆನ್ನಬೇಕೋ ಎಂಬ ಚರ್ಚೆ ಎರಡು ದಿನಕ್ಕೆ ಮುಗಿಯಿತು. ಏನು ಕಾರಣ ಕೊಡಬೇಕು ಎಂಬ ಚರ್ಚೆ ಒಂದು ವಾರ ನಡೆಯಿತು.

“ಅತ್ತೆಗೆ ಹುಷಾರಿಲ್ಲ ಅಂತ ಬರೀರಿ. ಎಲ್ಲರೂ ಬರೆಯೋದೇ ಅದು,” ಎಂದರು ಕಂಠಪ್ಪ.

ಪ್ರಮೀಳಾ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. “ಬೇಡಪ್ಪ. ನಮ್ಮತ್ತೆ ಗುಂಡುಕಲ್ಲಿನ ಹಾಗಿದಾರೆ. ಬರೆದು ನಾಳೆ ಏನಾದ್ರೂ ಆದ್ರೆ?”

“ಅಸ್ತು ದ್ಯಾವ್ತೆಗಳು ಮ್ಯಾಲೆ ಓಡಾಡ್ಕೊಂಡೇ ಇರ್ತವೆ,” ಎಂದರು ಮಲ್ಲಾಜಮ್ಮ. “ಬಾಯಲ್ಲಿ ಅಂದ್ರೇ ಅಸ್ತು ಅಂತವೆ. ಇನ್ನು ಸರ್ಕಾರದ ಕಾಗ್ದದಲ್ಲಿ ಬರ್ದ್ರೆ ಬುಟ್ಟಾವಾ?”

“ಸಿಸ್ಟರ್, ನೀವು ದಿನಾ ಇಂಜೆಕ್ಷನ್ ಕೊಡೋರು. ನೀವೇ ಹೀಗಂದ್ರೆ?”

“ಕೊಡೋವಾಗ್ಲೂ ದ್ಯಾವ್ರನ್ನ ನೆನ್ಕೊಂಡೇ ಕೊಡೋದು. ನಿಮ್ ಎಮ್ಮೆಗೊಳ್ಗೂ ನೆನ್ಕೊಂಡ್ ಕೊಡಿ, ಒಂದಾದ್ರೂ ಬದ್ಕತ್ತೆ.”

ಬಸ್ಸು ನಕ್ಕಿತು. ಕಂಠಪ್ಪನವರು ಸೋಲೊಪ್ಪದೆ ಇನ್ನೊಂದು ದಾರಿ ತೆಗೆದರು. “ಹಾಗಾದ್ರೆ ನಿಮಗೇ ಬೆನ್ನುನೋವು ಅಂತ ಹಾಕಿ ಮೇಡಂ. ಸಣ್ಣ ಕಾಯಿಲೆ, ಅಸ್ತು ಅಂದ್ರೂ ಅಮೃತಾಂಜನದಲ್ಲಿ ಹೋಗುತ್ತೆ. ಎಕ್ಸ್‌ರೇಲೂ ಕಾಣಲ್ಲ.”

ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಮೇಡಂ ಅಲ್ಲವೇ. ಅದನ್ನು ನಾನು ಅಗತ್ಯಕ್ಕಿಂತ ಚೆನ್ನಾಗಿ ಬರೆದೆ. ನೋವು ಸೊಂಟದಲ್ಲಿ ಹುಟ್ಟಿ ಕಾಲಿಗಿಳಿಯುವ ಬಗೆ, ವಾಹನದ ಕುಲುಕಾಟದಿಂದ ಅದು ಉಲ್ಬಣಿಸುವ ಬಗೆ, ಪ್ರಯಾಣವೆಂದರೆ ಅರ್ಜಿದಾರಳಿಗೆ ಯಾತನೆಯೇ ಆಗಿರುವ ಬಗೆ. ಬಸ್ಸಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಭೇಷ್ ಎಂದರು. ದಿನಕ್ಕೆ ತೊಂಬತ್ತು ಕಿಲೋಮೀಟರು ಬಸ್ಸಿನಲ್ಲಿ ಕುಲುಕುವವಳ ಪತ್ರ ಅದು ಎಂಬುದು ಆ ಬಸ್ಸಿನಲ್ಲೇ ಕೂತಿದ್ದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೈಸೂರಿನಲ್ಲಿದ್ದ ಮೇಲಧಿಕಾರಿ ಸಿದ್ದಮಲ್ಲಪ್ಪನವರಿಗೆ ಹೊಳೆಯಿತು. ಅವರು ಮರುಕದ ಮನುಷ್ಯ. ಮುಂದಿನ ತಿಂಗಳು ಮುಂಬಡ್ತಿಯ ನಿರಾಕರಣೆಯನ್ನು ಒಪ್ಪಿದ ಕಾಗದದ ಜೊತೆಗೆ ಇನ್ನೊಂದು ಆದೇಶ ಬಂತು. ಶ್ರೀಮತಿಯವರ ಆರೋಗ್ಯವನ್ನು ಪರಿಗಣಿಸಿ ಅವರನ್ನು ಮೈಸೂರಿನ ಕಚೇರಿಗೆ ವರ್ಗಾಯಿಸಲಾಗಿದೆ. ಒಂದು ವಾರದಲ್ಲಿ ಹಾಜರಾಗಬೇಕು. ಆ ಕಚೇರಿ ಅವಳ ಮನೆಯಿಂದ ಹತ್ತು ನಿಮಿಷದ ನಡಿಗೆ.

ಅಪ್ ಅಂಡ್ ಡೌನ್‌ನವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಬಸ್ಸಿನಲ್ಲಿ ಮೈಸೂರುಪಾಕು ಹಂಚಿದರು. ಅವಳಲ್ಲ, ಕಂಠಪ್ಪನವರೇ ತಂದು ಹಂಚಿದ್ದು. “ನನ್ನ ಐಡಿಯಾ ಕಣ್ರೀ,” ಎಂದು ಕಂಡಕ್ಟರಿಗೂ ಕೊಟ್ಟರು. ಮನೆಯಲ್ಲಿ ಪುಟ್ಟಮಾದಮ್ಮನವರು ಸೊಸೆ ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಾಳೆಂದು ನೆರೆಯವರಿಗೆಲ್ಲ ಹೇಳಿ ಬಂದರು. ಪ್ರಮೀಳಾ ಮೈಸೂರುಪಾಕನ್ನು ಕೈಯಲ್ಲೇ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಳು. ಹುಣಸೂರಿನಲ್ಲಿ ಇಳಿಯುವಾಗ ಅದು ಹಾಗೇ ಇತ್ತು.

“ಯಾಕೆ, ತಿನ್ನಲಿಲ್ಲ?” ಎಂದೆ.

“ಮೀನಾ, ನನಗೆ ಮೈಸೂರು ಬೇಡ ಕಣೇ.”

ಬಸ್‌ ನಿಲ್ದಾಣದ ಗದ್ದಲದಲ್ಲಿ, ಕಬ್ಬಿನ ರಸದ ಗಾಡಿಯ ಪಕ್ಕ ನಿಂತು ಅವಳು ನಾಲೆಗಳ ವಿಷಯ ಹೇಳಿದ್ದು ಆಗಲೇ. ಹೇಳುವಾಗ ನಾಚಿಕೊಂಡಳು, ಯಾವುದೋ ಪ್ರೇಮದ ವಿಷಯ ಹೇಳುವವಳ ಹಾಗೆ. “ಮಗಳಿಗೋಸ್ಕರ, ಅತ್ತೆಗೋಸ್ಕರ ಅಂತ ನೀವೆಲ್ಲ ಮಾತಾಡ್ಕೊಳ್ತಿದ್ರಿ. ನಾನು ಸುಮ್ಮನಿದ್ದೆ. ಬಸ್ಸಿಗೋಸ್ಕರ ಬಡ್ತಿ ಬಿಟ್ಟೆ ಅಂದ್ರೆ ಯಾರು ನಂಬ್ತಾರೆ ಹೇಳು.”

ನನ್ನ ಪತ್ರದ ಒಂದೊಂದು ಸಾಲೂ ನೆನಪಾಗಿ ಕಸಿವಿಸಿಯಾಯಿತು. “ಇನ್ನೊಂದು ಪತ್ರ ಬರೆದುಕೊಡ್ಲಾ?”

“ನೀನು ಬರೀಬೇಡಮ್ಮ ತಾಯಿ,” ಎಂದಳು. “ನಾನೇ ಹೋಗಿ ಹೇಳ್ತೀನಿ.”

ಅದರಲ್ಲಿ ಅಪಾಯವಿತ್ತು. ಬೆನ್ನುನೋವು ಸುಳ್ಳೆಂದು ಒಪ್ಪಿದರೆ ಬಿಜಾಪುರದ ಬಾಗಿಲು ಮತ್ತೆ ತೆರೆಯುತ್ತದೆ. ಸುಳ್ಳು ಬರೆದುಕೊಟ್ಟಳೆಂದು ನೋಟೀಸನ್ನೂ ಕೊಡಬಹುದು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎರಡು ರಾತ್ರಿ ನಿದ್ದೆ ಮಾಡಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಗುರುವಾರ ಇಬ್ಬರೂ ರಜೆ ಹಾಕಿ ಮೈಸೂರಿನ ಆ ಕಚೇರಿಗೆ ಹೋದೆವು. ಸಾಹೇಬರ ಕೋಣೆಗೆ ಬಾಗಿಲಿನ ಬದಲು ಅರ್ಧ ಪರದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

“ಬನ್ನಿಮ್ಮಾ. ಕೂತ್ಕೊಳ್ಳಿ, ನಿಂತ್ರೆ ನೋವಾಗುತ್ತೆ. ಆರ್ಡರ್ ಸಿಕ್ತಲ್ಲ?”

“ಸಿಕ್ತು ಸಾರ್. ನನಗೆ ಬೆನ್ನುನೋವಿಲ್ಲ.”

“ಒಳ್ಳೇದಾಯ್ತು. ವಾಸಿಯಾಯ್ತಾ?”

“ಬಂದೇ ಇರಲಿಲ್ಲ ಸಾರ್.”

ಫೈಲಿನ ಹಾಳೆ ಮಗುಚಿದ ಸದ್ದಾಯಿತು.

“ಹಾಗಾದ್ರೆ ಬಿಜಾಪುರಕ್ಕೆ ಹೋಗಬಹುದಲ್ಲ?”

“ನೀವು ಕಳಿಸಿದ್ರೆ ಹೋಗಬೇಕು ಸಾರ್. ನನಗೆ ಹುಣಸೂರೇ ಬೇಕು.”

“ಹುಣಸೂರಲ್ಲಿ ಏನಿದೆ? ಜಮೀನು ಗಿಮೀನು ಇದೆಯಾ?”

“ಏನೂ ಇಲ್ಲ ಸಾರ್. ಹೋಗಿ ಬರೋ ದಾರಿ ಇದೆ. ಆ ದಾರೀಲಿ ನಾನೊಬ್ಬಳೇ ಇರ್ತೀನಿ. ನಾನು ಬರೆಯೋ ನಾಲೆಗಳನ್ನ ಒಂದ್ಸಲ ನಡ್ಕೊಂಡು ಬರ್ತೀನಿ, ಕೂತಲ್ಲೇ. ಅದು ಹೋದ್ರೆ ನನ್ನ ಕೈಗೆ ಬರೀ ಗೆರೆ ಉಳಿಯುತ್ತೆ.”

ಈಗ ಬೈಯುತ್ತಾರೆ ಎಂದು ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಸಾಹೇಬರು ಬೇರೇನೋ ಕೇಳಿದರು.

“ಸಾಲಿಗ್ರಾಮದ ಕಡೆಯ ನಾಲೆ ಷೀಟು ಬರೆದೋರು ನೀವೇನಾ? ಏರಿಯ ಮೇಲೆ ಅಲ್ಲಲ್ಲಿ ಒಂದೊಂದು ಮರ ಹಾಕಿದ್ರಿ. ಯಾರು ಹೇಳಿದ್ದು ಹಾಕೋಕೆ?”

“ಯಾರೂ ಹೇಳಿಲ್ಲ ಸಾರ್.”

“ನಾನು ಆ ಮರ ಹುಡುಕ್ಕೊಂಡು ಮೂರು ಕಿಲೋಮೀಟರ್ ನಡೆದೆ, ಬಿಸಿಲಲ್ಲಿ. ಅದರ ನೆರಳಲ್ಲಿ ಊಟ ಮಾಡೋಣ ಅಂತ. ಅಲ್ಲಿ ಒಂದು ಪೊದೇನೂ ಇರಲಿಲ್ಲ.”

“ತಪ್ಪಾಯ್ತು ಸಾರ್. ಅಷ್ಟು ದೂರ ನಡೆದ ಮೇಲೆ ಅಲ್ಲೊಂದು ನೆರಳು ಬೇಕು ಅನ್ನಿಸ್ತು.”

“ಬೇಕಿತ್ತು,” ಎಂದರು ಸಾಹೇಬರು. “ಫೈಲಲ್ಲಿ ನಾನು ಏನಂತ ಬರೀಲಮ್ಮ? ವಾಸಿಯಾಯ್ತು ಅಂದ್ರೆ ಬಿಜಾಪುರಕ್ಕೆ ಕಳಿಸಿ ಅಂತಾರೆ. ವಾಸಿಯಾಗಿಲ್ಲ ಅಂದ್ರೆ ನೀವು ಇಲ್ಲೇ ಇರಬೇಕು.”

“ನಲವತ್ತೈದು ಕಿಲೋಮೀಟರಿನಷ್ಟು ವಾಸಿಯಾಗಿದೆ ಅಂತ ಬರೀರಿ ಸಾರ್.”

ಅವರು ನಕ್ಕದ್ದು ಕೇಳಿಸಲಿಲ್ಲ. ಡ್ರಾಯರು ಎಳೆದದ್ದು, ಪೆನ್ನಿನ ಕ್ಯಾಪು ತೆಗೆದದ್ದು ಕೇಳಿಸಿತು. ಆಮೇಲೆ ಬಂದ ಕಾಗದದಲ್ಲಿ ‘ಆಡಳಿತಾತ್ಮಕ ಕಾರಣಗಳಿಂದ ಸದರಿ ವರ್ಗಾವಣೆಯನ್ನು ತಡೆಹಿಡಿಯಲಾಗಿದೆ’ ಎಂದಷ್ಟೇ ಇತ್ತು. ನಾನು ಓದಿದ ಗದ್ಯದಲ್ಲೆಲ್ಲ ಅಷ್ಟು ದಯೆಯ ಸಾಲು ಇನ್ನೊಂದಿಲ್ಲ. ಬಸ್ಸಿನವರು ಪಾಪ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ತಿಂಗಳುಗಟ್ಟಲೆ ಅವಳನ್ನು ಸಂತೈಸಿದರು. ಶಿವಶಂಕರನಿಗೆ ಅವಳು ನಿಜ ಹೇಳಿದಳೋ ಇಲ್ಲವೋ, ನಾನು ಕೇಳಿಲ್ಲ. ಈಗ ಕೇಳುವುದೂ ಇಲ್ಲ.

ಆ ಗುರುವಾರ ಪರದೆ ಸರಿಸಿ ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಟೆ ಹನ್ನೊಂದು. ಇಬ್ಬರಿಗೂ ರಜೆ. ಮನೆಗೆ ಹೋಗಲು ಅವಳು ಒಪ್ಪಲಿಲ್ಲ. “ಹುಣಸೂರಿಗೆ ಹೋಗಿ ಬರೋಣ ನಡಿ,” ಎಂದಳು. ಕೆಲಸವಿಲ್ಲದ ದಿನ, ಕೆಲಸದ ಊರಿಗೆ. ನಿಲ್ದಾಣದಲ್ಲಿ ಮಡಿಕೇರಿಯ ಬಸ್ಸು ಸಿಕ್ಕಿತು. ಒಳಗೆ ನಮ್ಮವರು ಯಾರೂ ಇರಲಿಲ್ಲ, ಅರ್ಧ ಬಸ್ಸು ಖಾಲಿ. ಕಿಟಕಿಯ ಸೀಟನ್ನು ಮೊದಲ ಸಲ ನನಗೆ ಬಿಟ್ಟುಕೊಟ್ಟಳು.

ಇಲವಾಲ ದಾಟಿದ ಮೇಲೆ ಕೇಳಿದೆ: “ಇವತ್ತು ಯಾವ ನಾಲೆ?”

ಅವಳು ನನಗೆ ಕಣ್ಣು ಮುಚ್ಚಲು ಹೇಳಿ, ಮೆಲ್ಲನೆ ಹೇಳತೊಡಗಿದಳು. ಚುಂಚನಕಟ್ಟೆಯ ಕಟ್ಟೆ, ಅದರ ಮೇಲಿಂದ ಬೀಳುವ ನೀರಿನ ತುಂತುರು, ಕಲ್ಲಿನ ತೂಬು. ಏರಿಯ ಮೇಲೆ ಹಸಿ ಮಣ್ಣು ಇದೆ, ಚಪ್ಪಲಿ ಕೈಯಲ್ಲಿ ಹಿಡ್ಕೋ ಎಂದಳು. ಎಡಕ್ಕೆ ನಾಟಿಯ ಗದ್ದೆ, ಬೆಳ್ಳಕ್ಕಿಗಳು; ಬಲಕ್ಕೆ ಯಾರೋ ಎತ್ತು ತೊಳೆಯುತ್ತಿದ್ದಾರೆ. ಮುಂದೆ ಒಂದು ಕವಲು. “ಯಾವ ಕಡೆ ಹೋಗೋಣ?” ಎಂದಳು. ಎಡಕ್ಕೆ ಎಂದೆ. ನೀರು ನಮ್ಮ ಜೊತೆಗೇ ನಡೆಯಿತು. ಫೆಬ್ರವರಿಯ ಬಿಸಿಲು ರೆಪ್ಪೆಯ ಮೇಲೆ ಬೆಚ್ಚಗೆ ಬೀಳುತ್ತಿತ್ತು. ಬಿಳಿಕೆರೆಗೆ ಮೊದಲೇ ನನಗೆ ನಿದ್ದೆ ಬಂದಿರಬೇಕು. ಎಚ್ಚರವಾದಾಗ ಬಸ್ಸು ಹುಣಸೂರು ಸೇರಿತ್ತು, ಜನ ಇಳಿಯುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಇನ್ನೂ ಹೇಳುತ್ತಲೇ ಇದ್ದಳು. ಹುಣಸೂರು ಬಂತೆಂದು ನಾನು ಅವಳಿಗೆ ಹೇಳಲಿಲ್ಲ.