ಅತ್ತೆಯ ಕಿಟಕಿಯ ಸೇಬುಗಳು

ಸೇಬುಹಣ್ಣು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ. ಹಣ್ಣಿನದೇನೂ ತಪ್ಪಿಲ್ಲ, ಸಿಟ್ಟೆಲ್ಲ ಅದನ್ನು ಹೊತ್ತು ತರುವವರ ಮೇಲೆ. ಯಾರೋ ಹಾಸಿಗೆ ಹಿಡಿದರೆಂಬ ಸುದ್ದಿ ಬಂದರೆ ಸಾಕು, ನಮ್ಮ ಬಳ್ಳಾರಿಯ ಜನ ಹಿಂದೆಮುಂದೆ ನೋಡದೆ ಒಂದು ಕಿಲೋ ಸೇಬು ತೂಗಿಸಿಕೊಂಡು ಹೊರಡುತ್ತಾರೆ. ಜ್ವರಕ್ಕೂ ಸೇಬು, ಮೂಲವ್ಯಾಧಿಗೂ ಸೇಬು. ಈ ಸೀಮೆಯಲ್ಲೇ ಬೆಳೆಯುವ ಮೆತ್ತನೆಯ ಅಂಜೂರ ಅದೇ ತಳ್ಳುಗಾಡಿಯ ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ಒಯ್ದರೆ ಮರ್ಯಾದೆಗೆ ಕಡಿಮೆಯಂತೆ! ಎಲ್ಲಿಯೋ ಹಿಮದ ನಾಡಿನಲ್ಲಿ ಲಾರಿ ಹತ್ತಿ, ಮೈಗೆ ಮೇಣ ಸವರಿಸಿಕೊಂಡು ಬಂದದ್ದಕ್ಕೇ ಗೌರವ.

ಸಿರುಗುಪ್ಪದ ಬಳಿಯ ದೇಶನೂರಿನಲ್ಲಿರುವ ನನ್ನ ಸೋದರತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಎಂಬತ್ತು ದಾಟಿದ ಜೀವ. ಬಾಯಲ್ಲಿ ಉಳಿದಿರುವುದು ಎರಡೇ ಹಲ್ಲು, ಅವೂ ಒಂದಕ್ಕೊಂದು ಎದುರಾಗುವುದಿಲ್ಲ. ನೋಡಲು ಹೋದರೆ ಅವಳ ಕಿಟಕಿಯ ತುಂಬ ಸೇಬಿನ ಸಾಲು. "ಅನ್ನಾನೂ ಬಿಟ್ಟಾರ್ರಿ. ಎಲ್ಡು ತುತ್ತಿಗೇ ಸಾಕು ಅಂತಾರ" ಎಂದು ಸೊಸೆ ಕಣ್ಣೊರೆಸಿಕೊಂಡಳು. ಬಂದವರಲ್ಲಿ ಒಬ್ಬರಾದರೂ ಆ ಮುದುಕಿಯ ಬಾಯಿ ನೋಡಬಾರದೆ? ಬೈಯಲೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ನನ್ನ ಕೈಚೀಲದಲ್ಲೂ ಒಂದು ಕಿಲೋ ಇತ್ತು.

ಹೇಗಾದರೂ ಮಾಡಿ ಅವಳಿಗೆ ತಿನ್ನಿಸಲೇಬೇಕೆಂದು ಅಷ್ಟನ್ನೂ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಹೊತ್ತು ತಂದೆ. ಕೆಡದಂತೆ ಇಡುವುದೆಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ ದಾರಿ, ಉಪ್ಪಿನಕಾಯಿ. ಅರ್ಧದಷ್ಟು ಹಣ್ಣು ಹೆಚ್ಚಿ, ಉಪ್ಪು, ಖಾರದಪುಡಿ, ಸಾಸಿವೆಪುಡಿ, ಎಣ್ಣೆ ಎಲ್ಲವನ್ನೂ ಮಾವಿನ ಆವಕಾಯಿಯ ಅಳತೆಯಲ್ಲೇ ಸುರಿದು ಜಾಡಿ ತುಂಬಿಸಿ ಮೀಸೆ ತಿರುವಿದೆ. ನಾಲ್ಕನೆಯ ದಿನ ಜಾಡಿ ನೊರೆ ಉಗುಳಿತು.

"ಅದೇನು ಮಾವಿನಕಾಯೇನ್ರೀ? ಹುಳಿ ಎಲ್ಲೈತಿ ಅದಕ್ಕ? ಅತ್ಲಾಗ ಸರೀರಿ" ಎಂದು ಹೆಂಡತಿ ಅಡುಗೆಮನೆಯನ್ನು ವಶಪಡಿಸಿಕೊಂಡಳು. ಉಳಿದ ಹಣ್ಣುಗಳ ಸಿಪ್ಪೆ, ಬೀಜ ನನ್ನಿಂದಲೇ ತೆಗೆಸಿ, ಹೋಳು ಕಪ್ಪಾಗದಂತೆ ಉಪ್ಪುನೀರಿಗೆ ಹಾಕಿಸಿ ತೊಳೆಸಿದಳು. ಸಕ್ಕರೆ, ಎರಡು ಲವಂಗ, ಸಣ್ಣ ಉರಿ. ಕೊನೆಗೆ ನಿಂಬೆರಸ. ಕುದಿಸಿ ಒಣಗಿಸಿದ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ ಬಿಗಿಯಾಗಿ ಮುಚ್ಚಿದಳು. ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಕೆಲಸವೇ ಇರಲಿಲ್ಲ.

ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಅತ್ತೆ ಮೊದಲ ಚಮಚಕ್ಕೆ ಮುಖ ತಿರುಗಿಸಿದಳು. ಎರಡನೆಯದನ್ನು ನುಂಗಿದಳು. ಆಮೇಲೆ ಬಾಯಿ ತಾನಾಗಿಯೇ ತೆರೆಯತೊಡಗಿತು. ಬಟ್ಟಲು ಖಾಲಿಯಾದ ಮೇಲೆ ನನ್ನನ್ನು ಗುರಾಯಿಸಿ ನೋಡಿದಳು.

"ಚಲೋ ಐತಿ. ಆದ್ರ ಬರೇ ಸಿಹಿ! ಒಂದೀಟು ಖಾರ ಹಾಕಾಕ ಏನಾಗಿತ್ತಲೇ ನಿನಗ?"

ಜಾಡಿಯ ಸಂಗತಿ ನೆನೆದು ಸಿಟ್ಟು ಬಂತು. ಮುದುಕಿಗೆ ಖಾರ ಬೇಕೆನಿಸಿತಲ್ಲ ಎಂದು ಖುಷಿಯೂ ಆಯಿತು. ಸೊಸೆ ಆಗಲೇ ಮೆತ್ತನೆಯ ಅನ್ನಕ್ಕೆ ಸಾರು ಕಲಸುತ್ತಿದ್ದಳು. ಕಿಟಕಿಯಲ್ಲಿ ಮತ್ತೆ ಹೊಸ ಸೇಬುಗಳ ಸಾಲು. ತಂದವರನ್ನೆಲ್ಲ ಬೈಯುತ್ತಲೇ ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡೆ.