ಗೋಡೆಯಾಚೆಯ ರೊಟ್ಟಿ ಸಪ್ಪಳ

ಶಹಾಬಾದಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಬೆಳಿಗ್ಗೆ, ಸಂಜೆ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ರೊಟ್ಟಿ ಸುಡುವ ವಾಸನೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಹೆಪ್ಪು ಕೇಳಲು ಹೋದಾಗ ನೋಡಿದರೆ, ಅವರು ಬಡಿಯುತ್ತಿದ್ದದ್ದು ಮೊಮ್ಮಗಳ ಬೆನ್ನನ್ನು!

"ಗಾಬರಿ ಆಗಬ್ಯಾಡ್ರಿ ಅಕ್ಕೋರೆ. ಇಕಿ ಎದಿಯೊಳಗ ಕಫ ಅಂಟಾಗಿ ಕುಂದರ್ತದ, ಹಿಂಗ ಬಡದು ಬಿಡಸ್ಬೇಕು," ಎಂದರು.

ಅದು ಹುಟ್ಟಿನಿಂದ ಬರುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ. ಹೈದರಾಬಾದಿನಲ್ಲಿ ಹೆರಿಗೆಯಾದಾಗ, ಕೂಸಿನ ಹಿಮ್ಮಡಿಯಿಂದ ತೆಗೆದ ಹನಿ ರಕ್ತದಲ್ಲೇ ಸುಳಿವು ಸಿಕ್ಕಿತ್ತಂತೆ.

"ಕೂಸು ಕೆಮ್ಮೋಕಿಂತ ಮೊದಲೇ ಔಷಧ ಸುರು ಆತ್ರಿ. ಚುಚ್ಚಿದ ನರ್ಸಮ್ಮಗ ನಾ ಭಾಳ ಬೈದಿದ್ದೆ ನೋಡ್ರಿ!"

ಇಂಥ ಮಕ್ಕಳು ದೊಡ್ಡವರಾಗುವುದಿಲ್ಲ ಎಂದು ನೆಂಟರು ಪಿಸುಗುಡುತ್ತಿದ್ದರು. ಅಜ್ಜಿ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಬಡಿಯುತ್ತಲೇ ಇದ್ದರು. ಹುಡುಗಿ ಕೊಸರಾಡಿದರೆ, "ಇನ್ನೆರಡೇ ರೊಟ್ಟಿ, ಸುಮ್ಮ ಕುಂದ್ರು," ಎನ್ನುವರು. ಆ ಎರಡು ರೊಟ್ಟಿ ಎಂದೂ ಮುಗಿಯುತ್ತಿರಲಿಲ್ಲ.

"ಇಷ್ಟು ರೊಟ್ಟಿ ಯಾಕ ಆಯಿ, ಯಾರ್ದರ ಲಗ್ನ ಅದ ಏನು?" ಎಂದು ಅವಳು ಅಜ್ಜಿಯನ್ನು ಛೇಡಿಸುವಳು.

ಎಂಟನೆಯ ತರಗತಿಯಲ್ಲಿ ಹುಡುಗಿ ಹಟ ಹಿಡಿದು ಶಾಲೆಯ ಬ್ಯಾಂಡು ಸೇರಿದಳು, ಅದೂ ಬ್ಯೂಗಲ್ ಊದಲು! ಡಾಕ್ಟರೂ "ಊದಲಿ ಬಿಡಿ" ಎಂದುಬಿಟ್ಟರು. ಸ್ವಾತಂತ್ರ್ಯ ದಿನದಂದು ಮೈದಾನದಲ್ಲಿ ಅಜ್ಜಿ ನನಗೆ ಅಂಟಿಕೊಂಡೇ ನಿಂತಿದ್ದರು.

"ಅಕ್ಕೋರೆ, ಉಸರು ಸಾಲ್ತದಿಲ್ಲೋ?"

ಅಷ್ಟರಲ್ಲಿ ಬ್ಯೂಗಲ್ಲಿನ ದನಿ ಎದ್ದಿತು. ಎಷ್ಟು ಉದ್ದದ ಉಸಿರು! ಊರಾಚೆಯ ಕಲ್ಲಿನ ಗಣಿಗಳ ತನಕ ಹೋಗಿರಬೇಕು. ಅಜ್ಜಿಯ ಕಣ್ಣು ಮೊಮ್ಮಗಳ ಮೇಲೆಯೇ ಇತ್ತು, ಬಾಗಿದ ಅಂಗೈ ಮಾತ್ರ ತನಗರಿವಿಲ್ಲದೆ ನನ್ನ ಬೆನ್ನನ್ನು ಬಡಿಯುತ್ತಿತ್ತು. ಇನ್ನೆರಡು ರೊಟ್ಟಿ ಆಗಲಿ ಎಂದು ನಾನು ಸುಮ್ಮನೆ ನಿಂತೆ.